ಸಹಿಗೆ ಮುನ್ನ ತಪಾಸಣೆ

ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವ ಸುರಕ್ಷತಾ ಕಾಯ್ದೆಯ ಪ್ರಕಾರ, ಕಟ್ಟಡದ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ‘ಫಾರ್ಮ್ ಬಿ’ ಪ್ರಮಾಣಪತ್ರವನ್ನು ಮಾಲೀಕರು ಪರವಾನಗಿ ಹೊಂದಿದ ಸಂಸ್ಥೆಯಿಂದ ಪಡೆದು, ಪ್ರತಿವರ್ಷ ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಸಲ್ಲಿಸಬೇಕು. ಮುಂಬಯಿಯಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ರೀಫಿಲ್ ಮಾಡಿಕೊಡುತ್ತಿದ್ದ ನಮ್ಮ ಸಣ್ಣ ಉದ್ಯಮ ಬೆಳೆದದ್ದು ಈ ಎರಡು ತಿಂಗಳುಗಳ ಆಸರೆಯಿಂದಲೇ.

ಮುಲುಂಡಿನ ವಸತಿ ಸೊಸೈಟಿಯೊಂದರ ಕಾರ್ಯದರ್ಶಿಗಳು ನಮ್ಮ ಉಡುಪಿ ಕಡೆಯವರೇ. “ಎಲ್ಲ ಸರಿ ಉಂಟು, ನೀವು ಸಹಿ ಹಾಕಿದರೆ ಸಾಕು ಮಾರಾಯರೆ” ಎಂದರು. ನಾಲ್ಕನೆಯ ಮಹಡಿಯಲ್ಲಿ ಬೆಂಕಿ ನಂದಿಸುವ ನೀರಿನ ಪೈಪು ಇಡುವ ಹೋಸ್ ಪೆಟ್ಟಿಗೆಯನ್ನು ತೆರೆದಾಗ ಪೊರಕೆ, ಹಳೆಯ ಚಪ್ಪಲಿ ಸಿಕ್ಕವು. ಪೈಪಿನ ತುದಿಗೆ ಹಾಕುವ ಹಿತ್ತಾಳೆಯ ನಾಝಲ್ ಮಾತ್ರ ಇರಲಿಲ್ಲ (ಗುಜರಿಗೆ ಹೋಗಿರಬೇಕು). ಪಂಪಿನ ಸ್ವಿಚ್ಚು ‘ಆಟೋ’ ಬದಲು ‘ಆಫ್’ನಲ್ಲಿದ್ದುದರಿಂದ, ವಾಲ್ವ್ ತಿರುಗಿಸಿ ಒತ್ತಡ ಇಳಿದರೂ ತಾನಾಗಿ ಚಾಲೂ ಆಗಬೇಕಾದ ಪಂಪು ಸುಮ್ಮನಿತ್ತು.

ನಾನು ಸಹಿ ಹಾಕಲಿಲ್ಲ. ಮಹಡಿವಾರು ಫೋಟೊ ಸಮೇತ ವರದಿ ಬರೆದುಕೊಟ್ಟೆ. ಎರಡು ವಾರ ಸುದ್ದಿಯಿಲ್ಲ. ಬಳಿಕ ರಿಪೇರಿಯ ಜೊತೆಗೆ ವಾರ್ಷಿಕ ನಿರ್ವಹಣೆಯ ಗುತ್ತಿಗೆಯೂ, ಪಕ್ಕದ ಎರಡು ಸೊಸೈಟಿಗಳ ತಪಾಸಣೆಯೂ ಬಂದವು. ತಪಾಸಣೆಗೆ ಹೋದವರೇ ಮಾರಾಟದ ಮಾತೆತ್ತಿದರೆ ವರದಿಗೆ ಬೆಲೆ ಉಳಿಯದು ಎಂಬ ಕಾರಣಕ್ಕೆ ನಾವು ದರಪಟ್ಟಿಯನ್ನು ಮೂರು ದಿನ ಬಿಟ್ಟು, ಪ್ರತ್ಯೇಕವಾಗಿ ಕಳುಹಿಸುತ್ತೇವೆ.

ಈ ಜುಲೈಯಲ್ಲಿ ಆ ಪೆಟ್ಟಿಗೆಯಲ್ಲಿ ಹೊಸ ನಾಝಲ್ ಇತ್ತು, ಪೊರಕೆಯೂ ಇತ್ತು.