ಕ್ರೂಸಿನ ಫಾರ್ಮಲ್ ನೈಟಿಗೆ ಸೀರೆ: ಊರಲ್ಲೇ ಮುಗಿಸಿಕೊಳ್ಳಬೇಕಾದ ತಯಾರಿ

ಕ್ರೂಸ್ ಟಿಕೆಟ್ ಬುಕ್ ಆದ ಮೇಲೆ ಬರುವ ಮೇಲ್‌ನಲ್ಲಿ ‘ಫಾರ್ಮಲ್ ನೈಟ್’ ಅಂತ ಒಂದು ಸಾಲು ಇರುತ್ತದೆ. ದಾವಣಗೆರೆ, ದುರ್ಗದ ಕಡೆ ಫಾರ್ಮಲ್ಸ್ ಅಂದರೆ ಆಫೀಸಿಗೆ, ಇಂಟರ್‌ವ್ಯೂಗೆ ಹಾಕಿಕೊಂಡು ಹೋಗುವ ಬಟ್ಟೆ. ಹಡಗಿನ ಮಾತೇ ಬೇರೆ. ಅಲ್ಲಿ ಫಾರ್ಮಲ್ ಅಂದರೆ ಆರತಕ್ಷತೆಗೆ ಹೇಗೆ ಹೊರಡುತ್ತೇವೋ ಹಾಗೆ. ಪರದೇಶದ ಹೆಂಗಸರು ನೆಲ ಮುಟ್ಟುವ ಗೌನೋ ಮೊಣಕಾಲಿನವರೆಗಿನ ಕಾಕ್‌ಟೇಲ್ ಡ್ರೆಸ್ಸೋ ಹಾಕುತ್ತಾರೆ, ಗಂಡಸರು ಸೂಟು. ಆ ಫೋಟೋಗಳನ್ನು ನೋಡಿ ಗಾಬರಿಯಾಗಿ, ಆಮೇಲೆಂದೂ ಹಾಕದ ಗೌನಿಗೆ ದುಡ್ಡು ಸುರಿಯುವವರಿದ್ದಾರೆ. ಬೇಡ. ರೇಷ್ಮೆ ಸೀರೆ ಪೂರ್ತಿ ಫಾರ್ಮಲ್ ಉಡುಪು. ಉಡುಪಿನ ವಿಷಯದಲ್ಲಿ ಕಟ್ಟುನಿಟ್ಟಿಗೆ ಹೆಸರಾದ ಕ್ಯುನಾರ್ಡ್ ಹಡಗುಗಳಲ್ಲೂ ಗಾಲಾ ಈವ್ನಿಂಗ್‌ಗೆ ಆಯಾ ದೇಶದ ಸಾಂಪ್ರದಾಯಿಕ ಉಡುಪು ನಡೆಯುತ್ತದೆ.

ಆದರೆ ಕಲ್ಯಾಣ ಮಂಟಪಕ್ಕೆ ಉಟ್ಟ ಹಾಗೆ ಹಡಗಿನಲ್ಲಿ ಉಡಲು ಆಗುವುದಿಲ್ಲ. ಅಲ್ಲಿ ರೂಮಿನಲ್ಲಿ ಇಸ್ತ್ರಿ ಪೆಟ್ಟಿಗೆ ಇರುವುದಿಲ್ಲ, ಕೈಕಾಲು ಚಾಚಿ ಉಡಲು ಜಾಗ ಇರುವುದಿಲ್ಲ, ನೆರಿಗೆ ಹಿಡಿದುಕೊಡಲು ಅಕ್ಕತಂಗಿಯರು ಇರುವುದಿಲ್ಲ. ಹೊರಗೆ ಬಂದರೆ ಗಾಳಿ, ಕಾಲ ಕೆಳಗೆ ಅಲುಗುವ ನೆಲ. ಇಷ್ಟಕ್ಕೂ ಊರಿನಲ್ಲೇ ತಯಾರಿ ಆಗಬೇಕು.

ಮೊದಲು ಎಷ್ಟು ರಾತ್ರಿ ಅಂತ ನೋಡಿಕೊಳ್ಳಿ. ಏಳು ರಾತ್ರಿಯ ಪ್ರಯಾಣದಲ್ಲಿ ಸಾಮಾನ್ಯವಾಗಿ ಒಂದು ಅಥವಾ ಎರಡು ಫಾರ್ಮಲ್ ನೈಟ್. ಮುಂಬೈಯಿಂದಲೋ ಸಿಂಗಪುರದಿಂದಲೋ ಹೊರಡುವ ಮೂರು ನಾಲ್ಕು ರಾತ್ರಿಯ ಪ್ರಯಾಣಕ್ಕೆ ಒಂದು ಒಳ್ಳೆಯ ಸೆಟ್ ಸಾಕೇ ಸಾಕು. ನಾರ್ವೀಜಿಯನ್ ಕ್ರೂಸ್ ಲೈನ್‌ನಲ್ಲಿ ಫಾರ್ಮಲ್ ಅನ್ನುವುದು ಕಡ್ಡಾಯವೇ ಅಲ್ಲ. ಸೆಲೆಬ್ರಿಟಿ ಕ್ರೂಸಸ್ ಕಂಪನಿಯವರು ‘ಈವ್ನಿಂಗ್ ಶಿಕ್’ ಅಂತ ಸ್ವಲ್ಪ ಸಡಿಲ ಮಾಡಿದ್ದಾರೆ. ಹಡಗು ಯಾವ ಬಂದರಿಗೂ ನಿಲ್ಲದೆ ಇಡೀ ದಿನ ಸಮುದ್ರದಲ್ಲೇ ಇರುತ್ತದಲ್ಲ, ಆ ಸಂಜೆಯೇ ಹೆಚ್ಚಾಗಿ ಇದನ್ನು ಇಡುತ್ತಾರೆ, ಅಲಂಕಾರಕ್ಕೆ ಎಲ್ಲರಿಗೂ ಸಮಯ ಸಿಗಲಿ ಅಂತ. ದಿನದ ಕಾರ್ಯಕ್ರಮ ಕಂಪನಿಯ ಆ್ಯಪ್‌ನಲ್ಲಿ ಇಲ್ಲವೇ ರೂಮಿಗೆ ಬರುವ ಹಾಳೆಯಲ್ಲಿ ಇರುತ್ತದೆ. ನಿಯಮ ಜೋರಾಗಿರುವುದು ದೊಡ್ಡ ಊಟದ ಹಾಲ್‌ನಲ್ಲಿ. ಉಡಲು ಮನಸ್ಸಿಲ್ಲದ ದಿನ ಬಫೆ ಕಡೆ ಹೋದರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಯಾವ ಸೀರೆ ಅನ್ನುವುದಕ್ಕೆ ನನ್ನ ಮೊದಲ ಉತ್ತರ ಮೈಸೂರು ಸಿಲ್ಕ್ ಕ್ರೇಪ್. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯಿಂದ ಇವತ್ತಿಗೂ ಬರುತ್ತಿರುವ ಸೀರೆ ಅದು. ಕ್ರೇಪ್‌ಗೆ ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯುತ್ತಾರೆ, ಹಾಗಾಗಿ ಮಡಿಕೆ ಬಿದ್ದರೂ ನೇತುಹಾಕಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಮೈಗೆ ಅಂಟಿಕೊಂಡು ನಿಲ್ಲುತ್ತದೆ, ಭಾರವೂ ಇಲ್ಲ. ಎರಡನೆಯದು ನಮ್ಮ ಚಿತ್ರದುರ್ಗ ಜಿಲ್ಲೆಯದೇ ಮೊಳಕಾಲ್ಮೂರು ರೇಷ್ಮೆ. ಭೌಗೋಳಿಕ ಸೂಚಕ ಸಿಕ್ಕಿರುವ ಕೈಮಗ್ಗದ ಸೀರೆ. ಹಡಗಿನಲ್ಲಿ ಹತ್ತು ಗೌನುಗಳ ನಡುವೆ ಇದರ ಕಳೆಯೇ ಬೇರೆ. ಕೊಳ್ಳುವುದಾದರೆ ಎರಡು ಮೂರು ಇಂಚಿನ ಅಂಚಿನದು ನೋಡಿ. ದೊಡ್ಡ ಅಂಚಿನದು ನೆರಿಗೆಯಲ್ಲಿ ದಪ್ಪವಾಗಿ ನಿಂತು, ಊಟದ ಕುರ್ಚಿಯಲ್ಲಿ ಎರಡು ಗಂಟೆ ಕೂತು ಎದ್ದಾಗ ಮುರಿದ ಹಾಗೆ ಕಾಣುತ್ತದೆ. ಇಳಕಲ್ ಸೀರೆಯ ಟೋಪ್ ತೆನಿ ಸೆರಗು, ಅಂದರೆ ಕೆಂಪಿನ ಮೇಲೆ ಬಿಳಿ ತೆನೆಯ ಚಿತ್ತಾರದ್ದು, ದೀಪದ ಬೆಳಕಿಗೆ ಚೆನ್ನಾಗಿ ಕಾಣುವುದರಿಂದ ಅತ್ತೆ, ಅಮ್ಮನ ವಯಸ್ಸಿನವರಿಗೆ ಒಪ್ಪುತ್ತದೆ. ಧಾರೆ ಸೀರೆಯಂಥ ಭಾರದ ಕಾಂಚೀವರಂ ಬೀರುವಿನಲ್ಲೇ ಇರಲಿ. ಲಿನನ್, ಕಾಟನ್ ಒಮ್ಮೆ ಕೂತರೆ ಮುದುಡುತ್ತವೆ, ಆರ್ಗ್ಯಾಂಜಾ ಪೆಟ್ಟಿಗೆಯಲ್ಲೇ ನಲುಗುತ್ತದೆ, ಕಲ್ಲು ಕೂರಿಸಿದ ನೆಟ್ ಸೀರೆ ಪಕ್ಕದವರ ಬಟ್ಟೆಗೆಲ್ಲ ಸಿಕ್ಕಿಕೊಳ್ಳುತ್ತದೆ. ಕುಚ್ಚಿನದೂ ಇದೇ ಕಥೆ. ಸೀರೆ ತರಲು ದಾವಣಗೆರೆಯ ಮಂಡಿಪೇಟೆಗೆ ಇಳಿದಾಗಲೇ ಮಣಿ ಪೋಣಿಸಿದ ಉದ್ದ ಕುಚ್ಚು ಬೇಡ ಅನ್ನಿ, ಒಂದೂವರೆ ಇಂಚಿನ ರೇಷ್ಮೆ ದಾರದ ಕುಚ್ಚು ಹಾಕಿಸಿ.

ಈಗ ಮುಖ್ಯವಾದ ಕೆಲಸ, ಬಾಕ್ಸ್ ಫೋಲ್ಡಿಂಗ್. ನೆರಿಗೆ, ಸೆರಗು ಎರಡನ್ನೂ ಮೊದಲೇ ಹಿಡಿದು, ಇಸ್ತ್ರಿ ಮಾಡಿ, ಚೌಕವಾಗಿ ಮಡಚಿಡುವುದು. ಮದುಮಗಳಿಗೆ ಸೀರೆ ಉಡಿಸುವವರು ಮಾಡಿಕೊಡುತ್ತಾರೆ. ಮನೆಯಲ್ಲೂ ಆಗುತ್ತದೆ, ಇಬ್ಬರು ಬೇಕು, ಒಂದು ಸೀರೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಡಗಿನಲ್ಲಿ ಹಾಕುವ ಅದೇ ಚಪ್ಪಲಿ, ಅದೇ ಒಳಲಂಗ ಹಾಕಿಕೊಂಡು ಒಮ್ಮೆ ಪೂರ್ತಿ ಉಟ್ಟು ನೋಡಿ. ಅಂಚು ನೆಲಕ್ಕಿಂತ ಅರ್ಧ ಇಂಚಿನಿಂದ ಒಂದು ಇಂಚು ಮೇಲಿರಲಿ. ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಗಬಾರದು. ಮೊದಲ ಸುತ್ತು ಮುಗಿದು ನೆರಿಗೆ ಶುರುವಾಗುವ ಜಾಗಕ್ಕೆ ಒಂದು ಪಿನ್ನು, ನೆರಿಗೆ ಮುಗಿಯುವಲ್ಲಿ ಒಂದು, ಸೆರಗು ಭುಜದ ಮೇಲೆ ಕೂರುವಲ್ಲಿ ಇನ್ನೊಂದು ಗುರುತಿಗೆ ಹಾಕಿ ಬಿಚ್ಚಿ, ಮಂಚದ ಮೇಲೆ ಹಾಸಿ.

ಸೆರಗಿನ ಮಡಿಕೆ ನಾಲ್ಕರಿಂದ ನಾಲ್ಕೂವರೆ ಇಂಚು ಅಗಲ, ಐದು ಪದರ ಬರುತ್ತದೆ. ಅಂಚು ಮೇಲೆ ಕಾಣುವ ಹಾಗೆ ಹಿಡಿಯಿರಿ. ಗೇಣಿಗೊಂದು ಬಟ್ಟೆ ಕ್ಲಿಪ್ ಸಿಕ್ಕಿಸುತ್ತಾ ಹೋದರೆ ಪದರ ಜಾರುವುದಿಲ್ಲ. ಸೊಂಟದ ನೆರಿಗೆ ಐದಿಂಚಿನದು ಆರು ಅಥವಾ ಏಳು. ಇಸ್ತ್ರಿ ರೇಷ್ಮೆಯ ಬಿಸಿಗೆ ಇರಲಿ, ಮೇಲೆ ತೆಳ್ಳನೆ ಕಾಟನ್ ಬಟ್ಟೆ ಹಾಸಿಕೊಂಡೇ ಒತ್ತಿ. ನೀರು ಚಿಮುಕಿಸಬೇಡಿ, ರೇಷ್ಮೆಯ ಮೇಲೆ ಹನಿಯ ಕಲೆ ಉಳಿಯುತ್ತದೆ. ಎಲ್ಲ ಒತ್ತಿದ ಮೇಲೆ, ಉಡಲು ಶುರುಮಾಡುವ ತುದಿ ಮೇಲೆ ಬರುವ ಹಾಗೆ ಹದಿನಾಲ್ಕು ಇಂಚು ಉದ್ದ, ಹತ್ತು ಇಂಚು ಅಗಲಕ್ಕೆ ಮಡಚಿ, ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿಡಿ. ಹಡಗಿನಲ್ಲಿ ಆ ತುದಿ ಸಿಕ್ಕಿಸಿ ಒಂದು ಸುತ್ತು ಬಂದರೆ ನೆರಿಗೆ ತಾನಾಗಿ ಹೊಕ್ಕಳ ಹತ್ತಿರ ಬಂದು ನಿಲ್ಲುತ್ತದೆ. ಐದಾರು ನಿಮಿಷದ ಕೆಲಸ.

ಇದರಲ್ಲಿ ಕೆಡುವುದು ಮೂರು ಕಡೆ. ಕೊನೇ ಗಳಿಗೆಯಲ್ಲಿ ಚಪ್ಪಲಿ ಬದಲಾದರೆ ಅಳತೆಯೆಲ್ಲ ತಪ್ಪುತ್ತದೆ. ಎರಡು ತಿಂಗಳು ಮೊದಲೇ ಮಾಡಿಸಿ ಪೆಟ್ಟಿಗೆಯಲ್ಲಿ ಒತ್ತಿಟ್ಟರೆ ಮಡಿಕೆಯ ಗೆರೆಯಲ್ಲಿ ಜರಿ ಮುರಿಯುತ್ತದೆ. ಹೊರಡುವ ಎರಡು ಮೂರು ದಿನ ಮುಂಚೆ ಮಾಡಿಸಿದರೆ ಸರಿ. ಮೂರನೆಯದು ಪಿನ್ನು. ನಮ್ಮ ಒಣ ಹವೆಯಲ್ಲಿ ವರ್ಷಗಟ್ಟಲೆ ಹೊಳೆಯುವ ಅಗ್ಗದ ಪಿನ್ನು ಸಮುದ್ರದ ತೇವಕ್ಕೆ ಬೇಗ ತುಕ್ಕು ಹಿಡಿದು ರೇಷ್ಮೆಗೆ ಕೆಂಚು ಕಲೆ ಅಂಟಿಸುತ್ತದೆ, ಆ ಕಲೆ ಹೋಗುವುದು ಬಹಳ ಕಷ್ಟ. ಸ್ಟೇನ್‌ಲೆಸ್ ಸ್ಟೀಲಿನದು ಒಂದು ಡಜನ್ ತೆಗೆದುಕೊಳ್ಳಿ. ಭುಜದ ಪಿನ್ನಿಗೆ ಒಂದು ಸಣ್ಣ ಮಣಿ ಪೋಣಿಸಿ ಆಮೇಲೆ ಚುಚ್ಚಿ. ಪಿನ್ನಿನ ಸುರುಳಿಯೊಳಗೆ ಎಳೆ ಸಿಕ್ಕಿ ಹರಿಯುವುದು ಅದರಿಂದ ತಪ್ಪುತ್ತದೆ.

ಬ್ಲೌಸನ್ನು ಲಗ್ನದ ಸೀಸನ್ನಿನಲ್ಲಿ ಕೊಟ್ಟರೆ ಟೈಲರ್ ಕೈಯಿಂದ ಬರುವುದು ತಡ, ತಿಂಗಳು ಮುಂಚೆಯೇ ಕೊಡಿ. ಹಿಂದೆ ಹುಕ್ಕು, ದೋರಿ ಇರುವ ಬ್ಲೌಸ್ ಒಬ್ಬರೇ ಹಾಕಿಕೊಳ್ಳಲು ಆಗುವುದಿಲ್ಲ, ಮುಂದೆ ಹುಕ್ಕು ಇಡಿಸಿ. ಹಡಗಿನಲ್ಲಿ ಹೊತ್ತುಹೊತ್ತಿಗೆ ಊಟ, ನಡುವೆ ತಿಂಡಿ; ನಾಲ್ಕನೇ ದಿನಕ್ಕೆ ಬ್ಲೌಸ್ ಬಿಗಿಯಾಗುತ್ತದೆ. ಅರ್ಧ ಇಂಚು ಸಡಿಲ ಇಟ್ಟು, ಒಳಗೆ ಇನ್ನೊಂದು ಇಂಚು ಮಾರ್ಜಿನ್ ಬಿಡಲು ಹೇಳಿ. ಒಂದೇ ಸೀರೆಯಲ್ಲಿ ಎರಡು ರಾತ್ರಿ ತೆಗೆಯುವ ಯೋಚನೆ ಇದ್ದರೆ ಬಣ್ಣ ಬೇರೆಯಾದ ಎರಡು ಬ್ಲೌಸ್ ಸಾಕು, ಫೋಟೋದಲ್ಲಿ ಬೇರೆ ಸೀರೆಯ ಹಾಗೇ ಕಾಣುತ್ತದೆ. ಒಳಲಂಗ ಕಾಟನ್ನಿನದೇ ಇರಲಿ. ಸ್ಯಾಟಿನ್ ಮೇಲೆ ರೇಷ್ಮೆ ಜಾರುತ್ತದೆ, ಕಾಟನ್ ಹಿಡಿದಿಡುತ್ತದೆ, ಲಾಡಿಯೂ ಹೊಸದಾಗಿರಲಿ.

ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ಎರಡನ್ನೂ ಹಡಗು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಕಾರಣ ಬೆಂಕಿಯ ಭಯ, ಸಮುದ್ರದ ಮಧ್ಯೆ ಅದಕ್ಕಿಂತ ದೊಡ್ಡ ಅಪಾಯ ಇಲ್ಲ. ಹಡಗಿನ ಲಾಂಡ್ರಿಯಲ್ಲಿ ದುಡ್ಡು ಕೊಟ್ಟರೆ ಇಸ್ತ್ರಿ ಮಾಡಿಕೊಡುತ್ತಾರೆ, ಆದರೆ ಐದೂವರೆ ಮೀಟರಿನ ಜರಿ ಸೀರೆಯನ್ನು ಅವರ ಕೈಗೆ ಕೊಡುವ ಧೈರ್ಯ ಮಾಡಬೇಡಿ. ರೂಮಿನ ಗೋಡೆ ಬಹುತೇಕ ಕಬ್ಬಿಣದ ತಗಡಿನದು. ಅಯಸ್ಕಾಂತದ ಹುಕ್ಕು ನಾಲ್ಕು ಒಯ್ದರೆ ಗೋಡೆಗೆ ಕಚ್ಚಿ ನಿಲ್ಲುತ್ತವೆ; ಚಿಕ್ಕ ಬೀರುವಿನಲ್ಲಿ ತುರುಕುವ ಬದಲು ಬ್ಲೌಸು, ಶಾಲು, ಗೌನು ಅದಕ್ಕೇ ನೇತುಹಾಕಬಹುದು. ಜಾರ್ಜೆಟ್ ಸುಕ್ಕಾಗಿದ್ದರೆ ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು ಹತ್ತು ನಿಮಿಷ ಹಬೆಯಲ್ಲಿ ತೂಗುಹಾಕಿ, ಸರಿಹೋಗುತ್ತದೆ. ಜರಿ ರೇಷ್ಮೆಗೆ ಈ ಉಪಾಯ ಬೇಡವೇ ಬೇಡ. ಸೆಂಟ್ ಹಾಕಿಕೊಳ್ಳುವುದೂ ಸೀರೆ ಉಡುವ ಮೊದಲೇ ಮುಗಿಯಲಿ, ಅಸಲಿ ಜರಿಯಲ್ಲಿರುವ ಬೆಳ್ಳಿ ಸೆಂಟಿಗೆ ಕಪ್ಪಾಗುತ್ತದೆ.

ಹತ್ತುವ ದಿನ ದೊಡ್ಡ ಪೆಟ್ಟಿಗೆಗಳನ್ನು ಕೆಳಗೇ ತೆಗೆದುಕೊಂಡು ಸಂಜೆಯ ಹೊತ್ತಿಗೆ ರೂಮಿನ ಬಾಗಿಲಿಗೆ ತಂದಿಡುತ್ತಾರೆ, ಕೆಲವೊಮ್ಮೆ ತಡವಾಗುತ್ತದೆ. ವಿಮಾನದಲ್ಲೂ ಪೆಟ್ಟಿಗೆ ಹಿಂದೆ ಉಳಿಯಬಹುದು. ಆದ್ದರಿಂದ ಬಾಕ್ಸ್ ಫೋಲ್ಡ್ ಸೀರೆ, ಅದರ ಬ್ಲೌಸು, ಒಳಲಂಗ ಮೂರೂ ಒಟ್ಟಿಗೆ ಕೈಚೀಲದಲ್ಲೇ ಇರಬೇಕು. ಸೀರೆ ಬಂದು ಬ್ಲೌಸ್ ಬರದಿದ್ದರೆ ಏನು ಪ್ರಯೋಜನ?

ಚಪ್ಪಲಿ ಎರಡು ಇಂಚಿನ ಅಗಲ ಹಿಮ್ಮಡಿಯದು. ಚೂಪು ಹಿಮ್ಮಡಿ ಡೆಕ್ಕಿನ ಮರದ ಹಲಗೆಗಳ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಹಡಗು ಹೊಯ್ದಾಡಿದಾಗ ಕಾಲು ಉಳುಕುವುದೂ ಅದರಿಂದಲೇ. ಹೊಸ ಚರ್ಮದ ಅಟ್ಟೆ ಹಡಗಿನ ನುಣುಪು ನೆಲದ ಮೇಲೆ ಜಾರುತ್ತದೆ; ಚಪ್ಪಲಿ ರಿಪೇರಿಯವರ ಹತ್ತಿರ ತೆಳ್ಳನೆಯ ರಬ್ಬರ್ ಅಟ್ಟೆ ಅಂಟಿಸಿಕೊಂಡು, ಮನೆಯಲ್ಲಿ ನಾಲ್ಕು ದಿನ ಓಡಾಡಿ ಹೊರಡಿ.

ಗಾಳಿಯ ಮಾತು ದುರ್ಗದವರಿಗೆ ಹೇಳಿಕೊಡಬೇಕಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳು ಭರ್ರನೆ ತಿರುಗುವ ಆಷಾಢದಲ್ಲಿ ಕೋಟೆ ಹತ್ತಿದರೆ ಸೆರಗು ಹೇಗೆ ಮುಖಕ್ಕೆ ಬಡಿಯುತ್ತದೋ, ಹಡಗಿನ ಮೇಲಿನ ಡೆಕ್ಕಿನಲ್ಲಿ ದಿನವೂ ಹಾಗೇ. ಭುಜಕ್ಕೆ ಒಂದೇ ಪಿನ್ನು ಹಾಕಿದರೆ ಸೆರಗು ಅದೇ ಬಿಂದುವಿನ ಸುತ್ತ ತಿರುಗುತ್ತದೆ. ಭುಜದ ಮೇಲೆ ಒಂದು, ಹಿಂದೆ ಬೆನ್ನಿನ ಕಡೆ ನಾಲ್ಕು ಇಂಚು ಕೆಳಗೆ ಇನ್ನೊಂದು, ಸೊಂಟದ ಎಡಬದಿಗೆ ಮೂರನೆಯದು ಹಾಕಿ. ನೆರಿಗೆಯನ್ನು ಒಳಗಿನಿಂದ, ಮೊಣಕಾಲಿಗಿಂತ ಮೇಲೆ, ಒಳಲಂಗಕ್ಕೆ ಸೇರಿಸಿ ಒಂದು ಪಿನ್ನು ಹಾಕಿದರೆ ಮೆಟ್ಟಿಲಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಒಳಗೆ ಊಟದ ಹಾಲ್‌ನಲ್ಲಿ ಎಸಿ ಜೋರಾಗಿರುತ್ತದೆ, ತೆಳ್ಳನೆ ಶಾಲು ಬೇಕೇ ಬೇಕು.

ರೂಮಿನ ಬೀಗವೂ ಲೆಕ್ಕದ ಪುಸ್ತಕವೂ ಆಗಿರುವ ಕಾರ್ಡು ಯಾವಾಗಲೂ ಜೊತೆಗಿರಬೇಕು, ಸೀರೆಗೆ ಜೇಬಿಲ್ಲ. ನಮ್ಮ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಅಡಿಕೆ ಸಂಚಿಗಿಂತ ಒಳ್ಳೆಯ ವ್ಯವಸ್ಥೆ ನಾನು ಕಂಡಿಲ್ಲ. ಬ್ಲೌಸಿನ ಉಳಿದ ಬಟ್ಟೆಯಲ್ಲೇ ಐದು ಇಂಚು ಉದ್ದ, ನಾಲ್ಕು ಇಂಚು ಅಗಲದ್ದು ಒಂದು ಹೊಲಿಸಿಕೊಳ್ಳಿ. ಕಾರ್ಡು, ಎರಡು ಪಿನ್ನು, ಒಂದು ಕರ್ಚೀಫು ಹಿಡಿಸುತ್ತವೆ. ಒಡವೆ ಒಂದು ಗ್ರಾಂ ಗೋಲ್ಡಿನದು ಸಾಕು. ಅಸಲಿ ಚಿನ್ನ ಒಯ್ಯುವುದಾದರೆ ಪರದೇಶಕ್ಕೆ ಹೊರಡುವ ಮುನ್ನ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ವಾಪಸ್ ಬರುವಾಗ ಸುಂಕದ ಪ್ರಶ್ನೆ ಏಳುವುದಿಲ್ಲ. ಮಲ್ಲಿಗೆ ಮೂರನೇ ದಿನಕ್ಕೆ ಉಳಿಯುವುದಿಲ್ಲ, ಬಟ್ಟೆಯ ಹೂವಿನ ದಂಡೆ ಒಯ್ಯಿರಿ.

ಸೀರೆ ಬೇಡ ಅನ್ನುವ ಹುಡುಗಿಯರಿಗೆ ಪಾದದವರೆಗಿನ ಅನಾರ್ಕಲಿ, ಇಲ್ಲವೇ ಸುಕ್ಕಾಗದ ಜರ್ಸಿ ಬಟ್ಟೆಯ ಗೌನು. ಕಪ್ಪು ಪಲಾಝೋ ಮೇಲೆ ರೇಷ್ಮೆ ಕುರ್ತಾ ಕೂಡ ನಡೆಯುತ್ತದೆ. ಹರಿದ ಜೀನ್ಸು, ಚಡ್ಡಿ, ಹವಾಯಿ ಚಪ್ಪಲಿ ಮಾತ್ರ ಊಟದ ಹಾಲ್‌ಗೆ ನಡೆಯುವುದಿಲ್ಲ.

ಊಟದಲ್ಲಿ ಎಣ್ಣೆ, ಸಾಸು ಚೆಲ್ಲಿದರೆ ಉಜ್ಜಬೇಡಿ, ಒದ್ದೆ ಕರವಸ್ತ್ರವನ್ನೂ ಮುಟ್ಟಿಸಬೇಡಿ. ಒಣ ನ್ಯಾಪ್ಕಿನ್‌ನಿಂದ ಒತ್ತಿ ಹೀರಿಸಿ, ರೂಮಿಗೆ ಹೋಗಿ ಮುಖದ ಪೌಡರು ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆಲ್ಲಗೆ ಕೊಡವಿ. ಉಳಿದದ್ದು ಊರಿಗೆ ಬಂದ ಮೇಲೆ ಡ್ರೈಕ್ಲೀನಿಂಗ್‌ನವರ ಕೆಲಸ; ಏನು ಚೆಲ್ಲಿತ್ತು, ಎಲ್ಲಿ ಅಂತ ಚೀಟಿ ಬರೆದು ಪಿನ್ ಮಾಡಿ ಕೊಡಿ.

ಮನೆಗೆ ಬಂದ ದಿನವೇ ಸೀರೆಯನ್ನು ಬಾಕ್ಸ್ ಮಡಿಕೆಯಿಂದ ಬಿಡಿಸಿ. ಒಂದೊಂದು ಪಿನ್ನೂ ತೆಗೆದು, ನೆರಳಲ್ಲಿ ಹಗ್ಗದ ಮೇಲೆ ಎರಡು ಮೂರು ಗಂಟೆ ಗಾಳಿಗೆ ಹಾಕಿ. ಸಮುದ್ರದ ತೇವ ನಮ್ಮ ಹವೆಯಲ್ಲಿ ಬೇಗ ಆರುತ್ತದೆ. ಆಮೇಲೆ ಹಳೆಯ ಗೆರೆ ತಪ್ಪಿಸಿ ಬೇರೆ ಕಡೆ ಮಡಚಿ, ಕಾಟನ್ ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಇಡಿ. ಡಾಂಬರು ಗುಳಿಗೆ ಜರಿಗೆ ತಾಗದಿರಲಿ.