ಬಚ್ಚಲ ಬಾಗಿಲಿನ ಟವೆಲ್ಲು

2023ರ ಜುಲೈ ಕೊನೆ. ಶಿರಸಿಯಲ್ಲಿ ಮಳೆ ಎರಡು ದಿನ ಹೊಳವಾಗಿತ್ತು. ಅಷ್ಟು ಸಿಕ್ಕರೆ ಸಾಕು, ಎಲ್ಲರ ತೋಟದಲ್ಲೂ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ಗಡಿಬಿಡಿ. ಮರ ಹತ್ತುವವರು ಬಂದಿದ್ದರು. ನನ್ನದು ಕೆಳಗಿನ ಕೆಲಸ: ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ ಕರಗಿಸಿ ಕೂಡಿಸುವುದು. ಮರುದಿನ ಬೆಳಿಗ್ಗೆ ಎದ್ದರೆ ಎಡಗಣ್ಣು ತೆರೆಯಲೇ ಇಲ್ಲ. ಹಲಸಿನ ಮೇಣ ಮೆತ್ತಿದ ಹಾಗೆ ರೆಪ್ಪೆ ಅಂಟಿಕೊಂಡಿತ್ತು. ಬಿಸಿನೀರಲ್ಲಿ ಬಟ್ಟೆ ಅದ್ದಿ, ಒತ್ತಿ ಒತ್ತಿ ಬಿಡಿಸಿ ಕನ್ನಡಿ ನೋಡಿದೆ. ಕಣ್ಣು ಮುರುಗಲ ಹಣ್ಣಿನ ಬಣ್ಣ.

ಸುಣ್ಣ ಸಿಡಿದಿದೆ ಅಂದುಕೊಂಡೆ. ಸುಣ್ಣ ಬಿದ್ದಿದ್ದರೆ ಆಗಲೇ ಉರಿಯಬೇಕಿತ್ತು, ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಉರಿಯುವುದಲ್ಲ ಅಂತ ಹೊಳೆಯಲೇ ಇಲ್ಲ.

"ನಂದಿಬಟ್ಟಲು ಹೂವಿನ ನೀರು ಬಿಟ್ಕಳೋ ಮಾಣಿ, ತಂಪಾಗ್ತು" ಅಂದಳು ಆಯಿ. ನಾನು ಅದಕ್ಕಿಂತ ಜಾಣ, ಅಲ್ವಾ? ಆಯಿಯ ಪೊರೆ ಆಪರೇಷನ್ನಿಗೆ ಕೊಟ್ಟ ಡ್ರಾಪ್ಸ್ ಫ್ರಿಜ್ಜಿನಲ್ಲಿ ಉಳಿದಿತ್ತು. ಎರಡು ಹನಿ ಬಿಟ್ಟುಕೊಂಡೆ. ಸಂಜೆಗೆ ಕೆಂಪು ಇಳಿದ ಹಾಗೂ ಕಂಡಿತು. ಮೂರನೇ ದಿನ ಬಲಗಣ್ಣೂ ಸೇರಿತು. ಬೆಳಕು ನೋಡಿದರೆ ಮರಳು ಚುಚ್ಚಿದ ಹಾಗೆ.

ಪೇಟೆಯ ಕಣ್ಣಿನ ಡಾಕ್ಟರು ಟಾರ್ಚ್ ಹಿಡಿಯುವ ಮೊದಲೇ ಕೇಳಿದರು, "ಗಂಟಲು ನೋವಿತ್ತಾ?" ನಾನು ಸುಣ್ಣದ ಕಥೆ ಹೇಳುತ್ತಲೇ ಇದ್ದೆ. ಅವರು ಕಿವಿಯ ಮುಂದೆ ಬೆರಳಿಟ್ಟು ಒತ್ತಿದರು. ಜೀವ ಹೋದ ಹಾಗಾಯಿತು. ಬಟಾಣಿ ಕಾಳಿನಷ್ಟು ದೊಡ್ಡ ಗಂಟು, ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ನೆನಪಾಯಿತು. ಹಿಂದಿನ ವಾರ ಮಗಳಿಗೆ ಜ್ವರ, ಗಂಟಲು ಕೆಂಪು. ನಂತರ ನನಗೂ ಗಂಟಲು ಕೆರೆತ. ಮಳೆಯಲ್ಲಿ ನೆಂದಿದ್ದಕ್ಕೆ ಅಂತ ಕಾಳುಮೆಣಸಿನ ಕಷಾಯ ಕುಡಿದು ಮರೆತಿದ್ದೆ.

ಇದು ಅಡಿನೋವೈರಸ್ ಇರಬೇಕು ಅಂದರು. ಗಂಟಲಿಗೂ ಕಣ್ಣಿಗೂ ಅದೇ. ಕೆಮ್ಮಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡರೆ ಮುಗಿಯಿತು. ಜೇಬಿನಿಂದ ಡ್ರಾಪ್ಸ್ ಬಾಟಲಿ ತೆಗೆದು ತೋರಿಸಿದೆ. ಅವರ ಮುಖ ಗಂಟಿಕ್ಕಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಕೆಂಪನ್ನು ಇಳಿಸುತ್ತದೆ, ಆದರೆ ವೈರಸ್ ಇನ್ನಷ್ಟು ದಿನ ಉಳಿಯುತ್ತದೆ. ಹರ್ಪಿಸ್ ವೈರಸ್ ಆಗಿದ್ದರೆ ಕರಿಗುಡ್ಡೆಗೇ ಏಟು ಬೀಳುತ್ತಿತ್ತಂತೆ. ಆಂಟಿಬಯಾಟಿಕ್ ಡ್ರಾಪ್ಸ್ ಕೊಡಿ ಅಂದೆ. ವೈರಸ್ಸಿಗೆ ಅದು ನಾಟುವುದಿಲ್ಲ ಅಂದರು. ಕೊಟ್ಟಿದ್ದು ಕಣ್ಣೀರಿನಂಥ ಹನಿ ಅಷ್ಟೇ. ತಣ್ಣೀರ ಬಟ್ಟೆ ಇಟ್ಟುಕೊಳ್ಳಿ, ಎರಡು ವಾರ ಕಾಯಿರಿ. ಇದಕ್ಕಾ ನಾನು ಬಸ್ಸು ಹತ್ತಿ ಬಂದಿದ್ದು ಅನ್ನಿಸಿತು.

ಆ ತಿಂಗಳು ರಾಜ್ಯದ ತುಂಬ ಕೆಂಗಣ್ಣಿನದೇ ಸುದ್ದಿ. ನೋಡಿದರೆ ಬರುತ್ತದೆ ಅಂತ ಪಕ್ಕದ ಮನೆಯವರು ಗೋಡೆ ನೋಡುತ್ತ ನನ್ನ ಹತ್ತಿರ ಮಾತಾಡುತ್ತಿದ್ದರು. ನೋಟದಿಂದ ಬರುವುದಾದರೆ ಸುಲಭವಿತ್ತು. ಅದು ಬಂದಿದ್ದು ನಮ್ಮ ಬಚ್ಚಲ ಬಾಗಿಲಿನ ಮೊಳೆಯಲ್ಲಿ ನೇತಾಡುತ್ತಿದ್ದ ಒಂದೇ ಟವೆಲ್ಲಿನಿಂದ ಅಂತ ನನ್ನ ಲೆಕ್ಕ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಮಗಳು ಮುಖ ಒರೆಸಿದಳು, ನಾನು ಒರೆಸಿದೆ, ಹೆಂಡತಿ ಒರೆಸಿದಳು. ವಾರದೊಳಗೆ ಹೆಂಡತಿಗೂ ಬಂತು. ಕೊರೊನಾ ಕಾಲದ ಸ್ಯಾನಿಟೈಸರ್ ಹುಡುಕಿ ತೆಗೆದಿದ್ದೆ. ಈ ವೈರಸ್ಸಿಗೆ ಅದು ಅಷ್ಟು ಸಾಲದು, ಸೋಪು ಹಾಕಿ ಉಜ್ಜಿ ತೊಳೆಯಿರಿ ಅಂದಿದ್ದರು ಡಾಕ್ಟರು.

ಕೆಂಪು ಹೋದ ಮೇಲೂ ರಾತ್ರಿ ಎದುರು ಬರುವ ಬೈಕಿನ ದೀಪದ ಸುತ್ತ ಬಳೆ ಕಾಣುತ್ತಿತ್ತು. ಅದು ಹೋಗಲು ಗಣೇಶ ಚೌತಿ ಕಳೆಯಬೇಕಾಯಿತು.

ಈಗ ಬಚ್ಚಲ ಬಾಗಿಲಿಗೆ ಮೂರು ಮೊಳೆ, ಮೂರು ಬಣ್ಣದ ಟವೆಲ್ಲು. ಆಯಿಗೆ ಬೇರೆ ಬೇಡವಂತೆ, ಅವಳು ಮೊದಲಿಂದಲೂ ಸೆರಗಿನಲ್ಲೇ ಮುಖ ಒರೆಸಿಕೊಳ್ಳುವವಳು. ಮನೆಯಲ್ಲಿ ಕಣ್ಣು ಬೇನೆ ಬಾರದೇ ಇದ್ದಿದ್ದು ಅವಳೊಬ್ಬಳಿಗೆ. ಎಲ್ಲ ನಂದಿಬಟ್ಟಲಿನ ಮಹಿಮೆ ಅಂತಾಳೆ.