ನೊರ್ಯಾಂಗ್ ದಡದ ಬರಿದಾದ ಸಮಾಧಿ

ಬುಸಾನ್‌ನಿಂದ ಹೊರಟ ಬಸ್ಸು ನಾಮ್‌ಹೇ ದ್ವೀಪ ತಲುಪುವ ಹೊತ್ತಿಗೆ ಬಿಸಿಲೇರಿತ್ತು. 1973ರಲ್ಲಿ ಕಟ್ಟಿದ ಕೆಂಪು ತೂಗುಸೇತುವೆಯ ಕೆಳಗೆ ಹರಿಯುವುದೇ ನೊರ್ಯಾಂಗ್ ಜಲಸಂಧಿ. ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಿರಿದು. 1598ರ ಡಿಸೆಂಬರ್ 16ರ ನಸುಕಿನಲ್ಲಿ ಕೊರಿಯಾ ಮತ್ತು ಚೀನಾದ ಮಿಂಗ್ ನೌಕಾಪಡೆಗಳು ಸೇರಿ ಜಪಾನಿನ ದೊಡ್ಡ ಹಡಗುಪಡೆಯನ್ನು ತಡೆದದ್ದು ಇಲ್ಲೇ. ಕೊರಿಯಾದ ಮೇಲೆ ದಂಡೆತ್ತಿಸಿದ್ದ ಜಪಾನಿನ ಆಳುಗ ಹಿದೆಯೋಶಿ ತೀರಿಕೊಂಡಿದ್ದ, ಜಪಾನೀಯರು ಊರಿಗೆ ಮರಳಲು ಹೊರಟಿದ್ದರು. ಆರು ವರ್ಷ ನಾಡನ್ನು ಸುಟ್ಟವರನ್ನು ಹಾಗೇ ಹೋಗಗೊಡಲು ಕೊರಿಯಾದ ನೌಕಾ ದಂಡನಾಯಕ ಯಿ ಸುನ್-ಸಿನ್ ಒಪ್ಪಲಿಲ್ಲ.

ಆ ಹಟ ಎಂಥ ಮನುಷ್ಯನದು ಎಂಬುದು ಗೊತ್ತಿದ್ದರೆ ಈ ದಡದಲ್ಲಿ ಕಾಲು ತಾನಾಗಿ ನಿಲ್ಲುತ್ತದೆ. ಹಿಂದಿನ ವರ್ಷವಷ್ಟೇ ಅರಸ ಸೊನ್ಜೋ ಆತನನ್ನು ಸೆರೆಗೆ ತಳ್ಳಿ, ಹಿಂಸಿಸಿ, ಸಾಮಾನ್ಯ ಸಿಪಾಯಿಯ ಮಟ್ಟಕ್ಕೆ ಇಳಿಸಿದ್ದ. ಅದೇ ವರ್ಷ ತಾಯಿ ಹೋದರು, ಮಗನೊಬ್ಬ ಜಪಾನೀಯರ ಕೈಯಲ್ಲಿ ಸತ್ತ. ಕೊರಿಯಾದ ನೌಕಾಪಡೆ ನಾಶವಾದ ಮೇಲೆ ಅರಸನೇ ಮತ್ತೆ ಕರೆಸಿದಾಗ ಉಳಿದಿದ್ದ 13 ಹಡಗುಗಳಲ್ಲೇ ಮ್ಯೊಂಗ್ನ್ಯಾಂಗ್ ಜಲಸಂಧಿಯಲ್ಲಿ ಜಪಾನಿನ ನೂರಕ್ಕೂ ಹೆಚ್ಚು ಹಡಗುಗಳನ್ನು ಎದುರಿಸಿ ಗೆದ್ದ.

ಸೇತುವೆಯ ಬುಡದಲ್ಲೇ ಚುಂಗ್ನ್ಯೊಲ್ಸಾ ಗುಡಿ. ಹಿತ್ತಲಿನಲ್ಲಿ ಒಂದು ದುಂಡನೆಯ ಮಣ್ಣಿನ ದಿಬ್ಬ, ಮೇಲೆ ಒಪ್ಪವಾಗಿ ಕತ್ತರಿಸಿದ ಹುಲ್ಲು. ಒಳಗೆ ಯಾರೂ ಇಲ್ಲ. ನೊರ್ಯಾಂಗ್ ಕಾಳಗದಲ್ಲಿ ಗುಂಡೇಟಿಗೆ ಬಿದ್ದ ದಂಡನಾಯಕನ ದೇಹವನ್ನು ಕೆಲಕಾಲ ಇಲ್ಲಿ ಇರಿಸಿ, ಆಮೇಲೆ ದೂರದ ಆಸಾನ್‌ಗೆ ಒಯ್ದರು. ಆದರೂ ನನ್ನೆದುರಿಗೇ ವಯಸ್ಸಾದ ದಂಪತಿ ಟೋಪಿ ತೆಗೆದು ಸೊಂಟ ಬಾಗಿಸಿ ನಮಸ್ಕರಿಸಿದರು. ನಾನೂ ಕೈಮುಗಿದೆ.

ಆತ ಬಿದ್ದದ್ದು ಇಲ್ಲಿಂದ ದಕ್ಷಿಣಕ್ಕಿರುವ ಗ್ವಾನುಂಪೋ ಕೊಲ್ಲಿಯಲ್ಲಿ. ಅಲ್ಲಿನ ಸ್ಮಾರಕದ ಬಾಗಿಲಲ್ಲೇ ಆತನ ಕೊನೆಯ ಆಜ್ಞೆಯನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ: ಕಾಳಗ ಬಿರುಸಾಗಿದೆ, ನನ್ನ ಸಾವಿನ ಸುದ್ದಿ ಹೊರಗೆ ಬೀಳಕೂಡದು. ಬಳಿಯಲ್ಲೇ ಇದ್ದ ಅಣ್ಣನ ಮಗ ಯಿ ವಾನ್ ಅಳು ನುಂಗಿಕೊಂಡು ಚಿಕ್ಕಪ್ಪನ ಹೆಸರಿನಲ್ಲೇ ಕಾಳಗ ನಡೆಸಿದ. ಸೈನಿಕರಿಗೆ ಗೊತ್ತಾದದ್ದು ಗೆದ್ದ ಮೇಲೆ. ಪೈನ್ ಮರಗಳ ನಡುವಿನ ದಾರಿ ಹಿಡಿದು ತುದಿಯ ಮಂಟಪಕ್ಕೆ ಹೋದರೆ ಆ ಕೊಲ್ಲಿ ಪೂರಾ ಕಾಣುತ್ತದೆ.

ಕೊರಿಯಾದಲ್ಲಿ ಈತನಿಲ್ಲದ ಜಾಗವಿಲ್ಲ. 100 ವೊನ್ ನಾಣ್ಯದ ಮೇಲೆ ಈತನ ಮುಖ, ಹುಟ್ಟಿದ ದಿನವಾದ ಏಪ್ರಿಲ್ 28ಕ್ಕೆ ಆಸಾನ್‌ನಲ್ಲಿರುವ ಈತನ ಸ್ಮಾರಕ ಗುಡಿ ಹ್ಯೊನ್‌ಚುಂಗ್ಸಾದಲ್ಲಿ ಗೌರವ ಸಮಾರಂಭ, ಸೋಲ್‌ನ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ 1968ರಿಂದ ನಿಂತ ಕಂಚಿನ ಪ್ರತಿಮೆ. ಯುದ್ಧಕಾಲದಲ್ಲಿ ಬರೆದ ದಿನಚರಿ 2013ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿ ಸೇರಿತು. ಅದರ ಕೊನೆಯ ಬರಹ ಸಾಯುವುದಕ್ಕೆ ಎರಡು ದಿನ ಮೊದಲಿನದು.

ಸೋಲ್‌ನ ಪ್ರತಿಮೆಯೆದುರು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನಾನೂ ತೆಗೆಸಿಕೊಂಡೆ. ನನ್ನ ಕಣ್ಣು ತೇವವಾದದ್ದು ಮಾತ್ರ ನಾಮ್‌ಹೇಯಲ್ಲಿ. ಕೊರಿಯಾಕ್ಕೆ ಹೋಗುವವರು ಬುಸಾನ್‌ವರೆಗೆ ಬಂದರೆ ಇನ್ನೊಂದು ದಿನ ಹೆಚ್ಚಿಗೆ ಇಟ್ಟುಕೊಂಡು ಈ ದ್ವೀಪಕ್ಕೆ ಹೋಗಿಬನ್ನಿ.